ಎಂಟು ಮನಸ್ಸಿನಲ್ಲಿ, ಐದು ಬೆರಳಿನಲ್ಲಿ

ದಸರಾ ರಜೆಗೆ ಅಕ್ಕನ ಮಕ್ಕಳಿಬ್ಬರು ನಮ್ಮ ಮನೆಗೆ ಬಂದಿದ್ದರು. ಮೂರನೆಯ ತರಗತಿಯ ಹುಡುಗಿಗೆ ಎಂಟಕ್ಕೆ ಐದು ಕೂಡಿಸು ಎಂದರೆ, "ಎಂಟು ಮನಸ್ಸಿನಲ್ಲಿ, ಐದು ಬೆರಳಿನಲ್ಲಿ" ಎಂದು ಒಂದೊಂದೇ ಬೆರಳು ಮಡಚುತ್ತಾಳೆ. ಉತ್ತರವೇನೋ ಸರಿ. ಆದರೆ 48ಕ್ಕೆ 25 ಎಂದರೆ ಬೆರಳು ಸಾಲದೆ ಪೆನ್ಸಿಲ್ ಹುಡುಕುತ್ತಾಳೆ. ಗದರಿಸಿ ಬೆರಳು ಬಿಡಿಸುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕಿಂತ ಹಗುರವಾದ ದಾರಿ ಕಂಡರೆ ಮಗು ತಾನಾಗಿಯೇ ಬಿಡುತ್ತದೆ. ಇಸ್ಪೀಟಿನ ಕಟ್ಟು ತೆಗೆದೆ.

"ಮಕ್ಕಳ ಕೈಗೆ ಇಸ್ಪೀಟು ಕೊಡುತ್ತೀಯಾ?" ಎಂದು ಅಮ್ಮ ಆಕ್ಷೇಪಿಸಿದರು. ಹಣ ಕಟ್ಟದಿದ್ದರೆ ಜೂಜಲ್ಲ ಎಂದೆ. ಅವರು ಒಪ್ಪಲಿಲ್ಲ, ಎದ್ದೂ ಹೋಗಲಿಲ್ಲ.

ರಾಜ, ರಾಣಿ, ಗುಲಾಮರನ್ನು ಬದಿಗಿಟ್ಟರೆ ಉಳಿಯುವುದು 40 ಎಲೆ. ಎಕ್ಕಕ್ಕೆ ಒಂದರ ಬೆಲೆ. ಎಂಟು ಎಲೆಗಳನ್ನು ಚಾಪೆಯ ಮೇಲೆ ಹರಡಿ, ಕೂಡಿದರೆ ಹತ್ತಾಗುವ ಜೋಡಿಯನ್ನು ಸರದಿಯಂತೆ ಎತ್ತಬೇಕು. ಹತ್ತರ ಎಲೆಯನ್ನು ಒಂಟಿಯಾಗಿಯೇ ಎತ್ತಬಹುದು. ಸ್ವಲ್ಪ ಹೊತ್ತಿಗೆಲ್ಲ ಏಳು ಕಂಡರೆ ಕಣ್ಣು ಮೂರನ್ನು ಹುಡುಕತೊಡಗುತ್ತದೆ. ಬಾಯಿಲೆಕ್ಕಕ್ಕೆ ಇದೇ ಅಡಿಪಾಯ.

ಮುಂದಿನ ಆಟದಲ್ಲಿ ಎರಡು ಎಲೆ ಬಿಚ್ಚಿ ಮೊತ್ತ ಹೇಳಬೇಕು, ಅದು ಹೇಗೆ ಬಂತೆಂದೂ ಹೇಳಬೇಕು. ಮೊದಲು ಹೇಳಿದವರಿಗಲ್ಲ, ದಾರಿ ಹೇಳಿದವರಿಗೆ ಎಲೆ. ವೇಗಕ್ಕೆ ಬಹುಮಾನವಿಟ್ಟರೆ ಅಣ್ಣನೇ ಗೆಲ್ಲುತ್ತಾನೆ, ತಂಗಿ ಬಾಯಿ ಬಿಡುವುದೇ ಇಲ್ಲ.

ಎಂಟು ಮತ್ತು ಐದು ಬಿದ್ದವು. ಹುಡುಗಿ ಐದರ ಎಲೆಯ ಮೇಲ್ಭಾಗದ ಎರಡು ಗುರುತುಗಳನ್ನು ಬೆರಳಿನಿಂದ ಮುಚ್ಚಿದಳು. "ಇವೆರಡು ಎಂಟಕ್ಕೆ ಹೋದವು, ಹತ್ತಾಯಿತು. ಇಲ್ಲಿ ಮೂರು ಉಳಿಯಿತು. ಹದಿಮೂರು!" ಎಣಿಸಲು ಮಡಚುತ್ತಿದ್ದ ಬೆರಳು ಈಗ ಸಂಖ್ಯೆಯನ್ನು ಒಡೆಯುತ್ತಿತ್ತು. ಆರು ಮತ್ತು ಏಳು ಬಂದಾಗ ಅಣ್ಣ, "ಆರು ಆರು ಹನ್ನೆರಡು, ಮೇಲೊಂದು" ಎಂದ. ಏಳರ ಎಲೆಯಲ್ಲಿ ಆರರ ಎರಡು ಸಾಲಿನ ನಡುವೆ ಒಂದು ಗುರುತು ಹೆಚ್ಚಿಗೆ ಕೂತಿರುವುದನ್ನು ಅವನು ಗಮನಿಸಿದ್ದ. ತಂಗಿ ಬಿಡಲಿಲ್ಲ: "ಅಲ್ಲ, ಏಳಕ್ಕೆ ಮೂರು ಕೊಡು, ಹತ್ತು, ಇನ್ನು ಮೂರು." ಯಾರದು ಸರಿ ಎಂದು ಜಗಳ. ಇಬ್ಬರಿಗೂ ಒಂದೊಂದು ಎಲೆ ಕೊಟ್ಟೆ. ಈ ಜಗಳವೇ ನನಗೆ ಬೇಕಾಗಿದ್ದದ್ದು. ಪುಸ್ತಕದಲ್ಲಿ ಎಲ್ಲರೂ ಬಿಡಿಯಿಂದ ಶುರುಮಾಡಿ ದಶಕವನ್ನು ಮೇಲೆ ಬರೆಯುತ್ತಾರೆ. ತಲೆಯೊಳಗೆ ಆ ಕಟ್ಟುಪಾಡು ಏಕೆ? ಸಂಜೆ ಅವಳು 48ಕ್ಕೆ 2 ಸೇರಿಸಿ 50 ಮಾಡಿ, ಉಳಿದ 23 ಕೂಡಿಸಿ, 73 ಎಂದಳು. ಪೆನ್ಸಿಲ್ ಕೇಳಲಿಲ್ಲ.

ಕೊನೆಗೆ ಆಟೀನಿನ ಎಕ್ಕದಿಂದ ಹತ್ತರವರೆಗಿನ ಎಲೆಗಳನ್ನು ಅಮ್ಮನಿಗೆ ಕೊಟ್ಟು, ಒಂದನ್ನು ಬಚ್ಚಿಡಲು ಹೇಳಿದೆ. ಎಲ್ಲ ಸೇರಿದರೆ 55. ಹುಡುಗ ಉಳಿದವನ್ನು ಕೂಡಿಸುತ್ತಾ 49ರ ಹತ್ತಿರ ಬಂದಿದ್ದ. ಹುಡುಗಿ ಕೂಡಿಸಲೇ ಇಲ್ಲ. ಒಂಬತ್ತು–ಒಂದು, ಎಂಟು–ಎರಡು, ಏಳು–ಮೂರು ಎಂದು ಜೋಡಿಸಿಟ್ಟು, "ಐದಕ್ಕೆ ಯಾವಾಗಲೂ ಜೋಡಿಯಿಲ್ಲ. ನಾಲ್ಕಕ್ಕೆ ಇರಬೇಕಿತ್ತು. ಅಜ್ಜಿ, ಆರು ನಿಮ್ಮ ಹತ್ತಿರ ಇದೆ" ಎಂದಳು.