ಯಾರ ಮಗುವಿನದು ಇದು?

ಆ ಭಾನುವಾರ ಬೆಳಗ್ಗೆ ಐದೂವರೆಗೆ ನಾವು ಮೂವರು ಗೆಳೆಯರು ಒಂದು ಬಟ್ಟೆಚೀಲದಲ್ಲಿ 112 ಆಟಿಕೆ ಸೈನಿಕರನ್ನು ತುಂಬಿಕೊಂಡು ಹೊರಟಾಗ ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ನಮ್ಮ ಬಳಿ ಫಲಕಗಳಿರಲಿಲ್ಲ, ಘೋಷಣೆ ಕೂಗುವ ಉದ್ದೇಶವೂ ಇರಲಿಲ್ಲ. ಸುಮಾರು ಐದು ಸೆಂಟಿಮೀಟರ್ ಎತ್ತರದ ಆ ಹಸಿರು ಪ್ಲಾಸ್ಟಿಕ್ ಸೈನಿಕರ ಕೊರಳಿಗೆ ದಾರದಿಂದ ಒಂದೊಂದು ಚೀಟಿ ಕಟ್ಟಿದ್ದೆವು. ಚೌಕದಲ್ಲಿ, ಉದ್ಯಾನದ ಕಟ್ಟೆಗಳ ಮೇಲೆ, ಗ್ರಂಥಾಲಯದ ಮೆಟ್ಟಿಲ ಬದಿಗಳಲ್ಲಿ, ಬಸ್ ತಂಗುದಾಣದಲ್ಲಿ ಅವುಗಳನ್ನು ನಿಲ್ಲಿಸಿ, ಜನ ಓಡಾಡತೊಡಗುವ ಮೊದಲೇ ಮರೆಯಾಗುವುದು, ಸಂಜೆ ಬಂದು ಉಳಿದವನ್ನು ಆರಿಸಿಕೊಳ್ಳುವುದು, ಇಷ್ಟೇ ನಮ್ಮ ಯೋಜನೆಯಾಗಿತ್ತು.

ಈ ಯೋಚನೆ ನಮ್ಮ ಸ್ವಂತದ್ದೇನಲ್ಲ. ಇರಾಕ್ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಅಮೆರಿಕದ ಕೆಲವು ಯುದ್ಧವಿರೋಧಿಗಳು ಇಂಥವೇ ಸೈನಿಕರಿಗೆ ‘ನನ್ನನ್ನು ಮನೆಗೆ ಕರೆತನ್ನಿ’ ಎಂಬ ಚೀಟಿ ಅಂಟಿಸಿ ಜನ ಓಡಾಡುವ ಜಾಗಗಳಲ್ಲಿ ಬಿಟ್ಟುಬರುತ್ತಿದ್ದರು. ಡೊರೊತಿ ಎಂಬ ಬ್ರಿಟನ್ನಿನ ಕಲಾತಂಡ, ಯುದ್ಧದಿಂದ ಮರಳಿದವರ ಪಾಡನ್ನು ಹೇಳಲು ಗಾಲಿಕುರ್ಚಿಯಲ್ಲಿ ಕುಳಿತ, ಭಿಕ್ಷೆ ಬೇಡುವ ಆಟಿಕೆ ಸೈನಿಕರನ್ನು ರೂಪಿಸಿತ್ತು. ಎರಡನೆಯದರಲ್ಲಿ ಕಲಾವಿದರ ಕೈಚಳಕವಿತ್ತು. ಮೊದಲನೆಯದಕ್ಕೆ ಒಂದು ಜೇಬು ಸಾಕಾಗಿತ್ತು. ಚಿತ್ರ ಬರೆಯಲು ಬಾರದ ನಮಗೆ ಜೇಬಿನ ದಾರಿಯೇ ಹಿಡಿಸಿತು.

ಆದರೆ ಮೊದಲ ಸಭೆಯಲ್ಲೇ, ಅಂದರೆ ಮೂವರೂ ಒಂದು ಮೇಜಿನ ಸುತ್ತ ಕುಳಿತ ಮೊದಲ ಸಂಜೆಯಲ್ಲೇ, ಜಗಳವಾಯಿತು. ಯುದ್ಧವನ್ನು ವಿರೋಧಿಸುವುದಕ್ಕಾಗಿ ಯುದ್ಧದ ಆಟಿಕೆಗಳನ್ನು ದುಡ್ಡು ಕೊಟ್ಟು ಕೊಳ್ಳುವುದು ಎಂಥ ವಿರೋಧ ಎಂದು ಗೆಳತಿ ಕೇಳಿದಳು. 1979ರಲ್ಲೇ ಸ್ವೀಡನ್ ದೇಶದ ಆಟಿಕೆ ವ್ಯಾಪಾರಿಗಳು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು ಯುದ್ಧದ ಆಟಿಕೆಗಳ ಮಾರಾಟವನ್ನು ಕೈಬಿಟ್ಟಿದ್ದರೆಂದೂ, ನಾವು ಮಾಡಹೊರಟಿರುವುದು ಅದಕ್ಕೆ ತದ್ವಿರುದ್ಧವಾದದ್ದೆಂದೂ ಅವಳು ವಾದಿಸಿದಳು. ಅವಳ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಕೊನೆಗೆ ಒಂದನ್ನೂ ಹೊಸದಾಗಿ ಕೊಳ್ಳಬಾರದು, ಬಲ್ಲವರ ಮನೆಗಳ ಅಟ್ಟದಲ್ಲಿ, ಪೆಟ್ಟಿಗೆಗಳಲ್ಲಿ ಬಿದ್ದಿರುವ ಹಳೆಯವನ್ನೇ ಕೇಳಿ ತರಬೇಕು ಎಂದು ತೀರ್ಮಾನಿಸಿದೆವು. ಇಂಥ ಪ್ಲಾಸ್ಟಿಕ್ ಸೈನಿಕರು ಅಮೆರಿಕದಲ್ಲಿ ಮೊದಲು ತಯಾರಾದದ್ದು 1938ರಲ್ಲಿ, ಅಂದರೆ ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ. ಅಂದಿನಿಂದ ಎಷ್ಟು ಮನೆಗಳಲ್ಲಿ ಎಷ್ಟು ಸೈನಿಕರು ಮಂಚದಡಿ ಸೇರಿಹೋಗಿದ್ದಾರೋ ಏನೋ, ನಮಗಂತೂ ಎರಡೇ ವಾರದಲ್ಲಿ ನೂರಕ್ಕೂ ಹೆಚ್ಚು ಮಂದಿ ದೊರೆತರು. ಅವರಲ್ಲಿ ಹಲವರ ಬಂದೂಕಿನ ತುದಿಯಲ್ಲಿ, ತಲೆಯ ಮೇಲೆ, ಯಾವುದೋ ಮಗುವಿನ ಹಲ್ಲಿನ ಗುರುತುಗಳಿದ್ದವು. ಆಗ ನಾನು ಅವುಗಳನ್ನು ಬರಿಯ ದೋಷವೆಂದು ಭಾವಿಸಿ, ಅಂಥವನ್ನು ಬೇರೆಯಾಗಿ ತೆಗೆದಿಡೋಣವೆಂದು ಹೇಳಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಚೀಟಿ ಅಂಟಿಸುವುದು ಸುಲಭದ ಕೆಲಸವೆಂದುಕೊಂಡಿದ್ದೆವು. ಈ ಗೊಂಬೆಗಳನ್ನು ಹೆಚ್ಚಾಗಿ ಪಾಲಿಥಿಲೀನ್ ಎಂಬ ಮೆದು ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಅದರ ಮೈಗೆ ಅಂಟಾಗಲಿ ಬಣ್ಣವಾಗಲಿ ಸುಲಭವಾಗಿ ಹಿಡಿಯುವುದಿಲ್ಲ. ರಾತ್ರಿ ಅಂಟಿಸಿದ ಚೀಟಿಗಳೆಲ್ಲ ಬೆಳಗಾಗುವಷ್ಟರಲ್ಲಿ ಮೇಜಿನ ಮೇಲೆ ಉದುರಿ ಬಿದ್ದಿದ್ದವು. ಸೋಪಿನ ನೀರಿನಲ್ಲಿ ತೊಳೆದು ನೋಡಿದೆವು, ಉಪ್ಪುಕಾಗದದಿಂದ ಉಜ್ಜಿ ನೋಡಿದೆವು, ಕೊನೆಗೆ ದಾರಕ್ಕೆ ಶರಣಾದೆವು. ದಾರ ಕಟ್ಟುವಾಗಲೇ ಬಂದೂಕಿನ ಪ್ರಶ್ನೆ ಬಂದಿತು. ಶಾಂತಿಯ ಮಾತಾಡುವ ಸೈನಿಕನ ಕೈಯಲ್ಲಿ ಬಂದೂಕಿರಬಾರದೆಂಬುದು ನನ್ನ ಹಟವಾಗಿತ್ತು. ಹರಿತವಾದ ಚಾಕುವಿನಿಂದ ಹತ್ತು ಗೊಂಬೆಗಳ ಬಂದೂಕುಗಳನ್ನು ಕತ್ತರಿಸಿ ನಿಲ್ಲಿಸಿದಾಗ, ಕಂಡದ್ದು ನಾನು ಎಣಿಸಿದ ಶಾಂತಿಯಲ್ಲ. ಹಿಡಿದ ವಸ್ತು ಹೋದರೂ ಹಿಡಿತ ಹೋಗಿರಲಿಲ್ಲ. ಒಂದು ಕೈ ಗಲ್ಲದ ಬಳಿ, ಇನ್ನೊಂದು ಗಾಳಿಯಲ್ಲಿ ಮುಂದಕ್ಕೆ ಚಾಚಿಕೊಂಡು, ಒಂದು ಕಣ್ಣು ಇನ್ನೂ ಗುರಿಯಿಡುತ್ತಿರುವಂತೆ ಅವರು ನಿಂತಿದ್ದರು. ಅದನ್ನು ನೋಡಿದ ಮೇಲೆ ಉಳಿದವರ ಬಂದೂಕುಗಳನ್ನೂ ಕತ್ತರಿಸಿದೆವು, ಆದರೆ ಈಗ ಕಾರಣ ಬೇರೆಯಾಗಿತ್ತು.

ಚೀಟಿಯಲ್ಲಿ ಯಾವ ಯುದ್ಧವನ್ನು ಹೆಸರಿಸಬೇಕೆಂಬುದರ ಬಗ್ಗೆ ನಡೆದ ಚರ್ಚೆಯನ್ನು ವಿವರವಾಗಿ ಬರೆಯುವುದಿಲ್ಲ. ಹೆಸರಿಸಿದರೆ ಓದುವವರು ತಮ್ಮ ಪಕ್ಷ ಹಿಡಿದು ಗೊಂಬೆಯನ್ನು ಮರೆಯುತ್ತಾರೆಂದು ಇಬ್ಬರು, ಹೆಸರಿಸದಿದ್ದರೆ ಅದು ಹೇಡಿತನವೆಂದು ಒಬ್ಬರು. ಬಹುಮತ ಗೆದ್ದಿತು, ಆ ಒಬ್ಬರು ಹೇಳಿದ್ದು ತಪ್ಪೆಂದು ನನಗೆ ಇಂದಿಗೂ ಅನ್ನಿಸಿಲ್ಲ. ‘ಯುದ್ಧ ನಿಲ್ಲಲಿ, ನಾನು ಮನೆಗೆ ಹೋಗಬೇಕು’ ಎಂದು ಅಚ್ಚು ಮಾಡಿದೆವು. ಬೆರಳಗಲದ ಚೀಟಿಯಲ್ಲಿ ಕನ್ನಡದ ಒತ್ತಕ್ಷರಗಳು ಹೇಗೆ ಉಸಿರು ಕಟ್ಟುತ್ತವೆಂಬುದು ಅಚ್ಚಿನ ಕೆಲಸ ಬಲ್ಲವರಿಗೆ ಗೊತ್ತಿರುತ್ತದೆ. ಯುದ್ಧದ ‘ದ್ಧ’ ಒಂದು ಕಪ್ಪು ಚುಕ್ಕೆಯಾಗಿಬಿಟ್ಟಿತ್ತು. ಕಣ್ಣಿಗೆ ಹತ್ತಿರ ಹಿಡಿದರೆ ಓದಬಹುದೆಂದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಂಡೆವು.

ಗೊಂಬೆಗಳನ್ನು ನಿಲ್ಲಿಸುವ ಕೆಲಸಕ್ಕೆ ನಾವು ಹಾಕಿಕೊಂಡ ನಿಯಮಗಳು ಎರಡೇ. ಯಾವುದನ್ನೂ ಅಂಟಿಸಬಾರದು, ಎತ್ತಿಕೊಂಡರೆ ಕಲೆಯೂ ಉಳಿಯಬಾರದು; ಚಿಕ್ಕ ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಕೈಗೆ ಎಟುಕುವಂತೆಯೂ ಇಡಬಾರದು. ಅಷ್ಟರೊಳಗೆ ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬುದರಲ್ಲಿ ನಮಗೆ ಮಕ್ಕಳಷ್ಟೇ ಸಂತೋಷವಾಯಿತು ಎಂದರೆ ಸುಳ್ಳಲ್ಲ. ದೂರವಾಣಿ ಹಿಡಿದವನನ್ನು ಬಸ್ಸುಗಳ ವೇಳಾಪಟ್ಟಿಯ ಕೆಳಗೆ ನಿಲ್ಲಿಸಿದೆವು; ದುರ್ಬೀನಿನ ಅಧಿಕಾರಿಯನ್ನು ಗ್ರಂಥಾಲಯದ ಬಾಗಿಲಿಗೆ ಮುಖಮಾಡಿಸಿದೆವು. ನೆಲಬಾಂಬು ಹುಡುಕುವ ಸಲಕರಣೆ ಹಿಡಿದವನನ್ನು ಮಾತ್ರ ಉದ್ಯಾನದ ಕಾಲುದಾರಿಯ ಪಕ್ಕದ ಕಟ್ಟೆಯ ಮೇಲೆ ಇಟ್ಟಾಗ ಮೂವರೂ ಸುಮ್ಮನಾದೆವು. ಆ ದಾರಿಯಲ್ಲಿ ಇನ್ನು ಅರ್ಧ ಗಂಟೆಗೆ ಜನ ಯಾವ ಅಳುಕೂ ಇಲ್ಲದೆ ಹೆಜ್ಜೆಯಿಡಲಿದ್ದರು.

ಒಂಬತ್ತು ಗಂಟೆಗೆ ನಾನು ಚೌಕದ ಬೆಂಚೊಂದರಲ್ಲಿ ಪತ್ರಿಕೆ ಬಿಡಿಸಿಕೊಂಡು ಕುಳಿತೆ. ಹೆಚ್ಚಿನವರು ನೋಡಲೇ ಇಲ್ಲ. ಒಬ್ಬ ಯುವಕ ಬಾಗಿ, ಬೆಳಕು ಸರಿಯಾಗಿ ಬೀಳುವಂತೆ ಗೊಂಬೆಯ ಮುಖವನ್ನು ತಿರುಗಿಸಿ, ಚೀಟಿ ಅಡ್ಡ ಬರುತ್ತದೆಂದು ಅದನ್ನು ಬೆನ್ನ ಹಿಂದೆ ಸರಿಸಿ ಫೋಟೋ ತೆಗೆದುಕೊಂಡು ಹೋದ. ಹಿರಿಯರೊಬ್ಬರು ಚೀಟಿಯನ್ನು ಕೈಯುದ್ದಕ್ಕೆ ಹಿಡಿದು, ಮತ್ತೆ ಹತ್ತಿರ ತಂದು, ಓದಲಾಗದೆ ಗೊಂಬೆಯನ್ನೇ ಅಂಗಿಯ ಜೇಬಿಗಿಳಿಸಿ ಮುಂದೆ ನಡೆದರು. ಗ್ರಂಥಾಲಯದ ಕಾವಲುಗಾರ ಯಾರ ಅನುಮತಿಯಿಂದ ಇಟ್ಟಿರಿ ಎಂದು ಗೆಳತಿಯನ್ನು ಕೇಳಿ, ಉತ್ತರಕ್ಕೆ ಕಾಯದೆ ನಾಲ್ಕನ್ನು ಮೇಜಿನ ಡ್ರಾಯರಿಗೆ ಹಾಕಿಕೊಂಡನಂತೆ. ನನಗೆ ಸೈಬೀರಿಯಾದ ಬರ್ನಾವುಲ್ ನಗರದ ಪ್ರಸಂಗ ನೆನಪಾಗಿ ನಗು ಬಂದಿತು. 2012ರಲ್ಲಿ ಅಲ್ಲಿನ ಜನ, ತಾವು ಸಭೆ ಸೇರಲು ಅನುಮತಿ ಸಿಗದೆ, ಚುನಾವಣೆಯ ಅಕ್ರಮಗಳನ್ನು ಖಂಡಿಸುವ ಪುಟ್ಟ ಫಲಕಗಳನ್ನು ಗೊಂಬೆಗಳಿಗೆ ಹಿಡಿಸಿ ಹಿಮದ ಮೇಲೆ ನಿಲ್ಲಿಸಿದ್ದರು. ಎರಡನೆಯ ಸಲ ಅನುಮತಿ ಕೇಳಿದಾಗ, ಗೊಂಬೆಗಳು ರಷ್ಯಾದ ಪ್ರಜೆಗಳಲ್ಲವಾದ್ದರಿಂದ ಅವು ಸಭೆ ನಡೆಸುವಂತಿಲ್ಲವೆಂದು ಅಧಿಕಾರಿಗಳು ತಿಳಿಸಿದರು. ಆಟಿಕೆಯನ್ನು ನಿಷೇಧಿಸಬೇಕಾದರೆ ಅಧಿಕಾರ ಮೊದಲು ಅದನ್ನು ಗಂಭೀರವಾಗಿ ಪರಿಗಣಿಸಬೇಕಾಗುತ್ತದೆ. ಅಲ್ಲಿಗೆ ನಗೆಪಾಟಲು ಯಾರದೆಂಬುದು ತೀರ್ಮಾನವಾದಂತೆಯೇ.

ಆದರೆ ಆ ದಿನ ನಮ್ಮನ್ನು ತಡೆದು ನಿಲ್ಲಿಸಿದ್ದು ಅಧಿಕಾರವಲ್ಲ. ಹನ್ನೊಂದರ ಹೊತ್ತಿಗೆ ಉದ್ಯಾನದ ಕಡೆಗೆ ಹೋದಾಗ, ಅಲ್ಲಿ ನಾವು ಅಲ್ಲಲ್ಲಿ ನಿಲ್ಲಿಸಿದ್ದ ಗೊಂಬೆಗಳು ಒಂದೂ ಇರಲಿಲ್ಲ. ಗೇಟಿನ ಪಕ್ಕದ ಗಿಡ್ಡ ಗೋಡೆಯ ಮೇಲೆ ಹದಿನಾಲ್ಕು ಸೈನಿಕರನ್ನು ಯಾರೋ ಅಂಗಾತ ಮಲಗಿಸಿ, ತಲೆಗಳೆಲ್ಲ ಒಂದೇ ಕಡೆಗೆ ಬರುವಂತೆ, ನಡುವೆ ಒಂದೊಂದು ಬೆರಳಿನಷ್ಟು ಜಾಗ ಬಿಟ್ಟು ಸಾಲಾಗಿ ಜೋಡಿಸಿದ್ದರು. ಆ ಸಾಲನ್ನು ನಾವು ಎಷ್ಟು ಬಾರಿ ಪತ್ರಿಕೆಯ ಚಿತ್ರಗಳಲ್ಲಿ ನೋಡಿಲ್ಲ! ಖಾಲಿ ಹಿಡಿಯ ಕೈಗಳು ಮಾತ್ರ ಆಕಾಶದ ಕಡೆಗೆ ಚಾಚಿಕೊಂಡಿದ್ದವು. ನಮ್ಮಂಥದೇ ಇನ್ನೊಂದು ತಂಡ ಬಂದಿರಬೇಕೆಂದು, ನಮಗಿಂತ ಬಲ್ಲವರೇ ಇರಬೇಕೆಂದು ನನಗೆ ಅನ್ನಿಸಿ, ಒಂದು ಕ್ಷಣ ಅಸೂಯೆಯೂ ಆಯಿತು.

ಪೊರಕೆಯನ್ನು ಗೋಡೆಗೆ ಒರಗಿಸಿ ಕುಳಿತಿದ್ದ, ಉದ್ಯಾನ ಗುಡಿಸುವ ಹೆಂಗಸು ನಮ್ಮನ್ನು ನೋಡಿ ಎದ್ದರು.

“ನಿಮ್ಮ ಮಗೂದಾ ಇದು? ಎಲ್ಲಾ ಕಡೆ ಬೀಳಿಸ್ಕೊಂಡು ಹೋಗಿದೆ ನೋಡಿ. ಗುಡಿಸಿ ಹಾಕೋಕೆ ಮನಸ್ಸು ಬರಲಿಲ್ಲ, ಎತ್ತಿಟ್ಟೆ.”

“ಮಲಗಿಸಿದ್ದು ಯಾಕಮ್ಮಾ?” ಎಂದು ಗೆಳತಿ ಕೇಳಿದಳು.

“ಗಾಳಿಗೆ ನಿಲ್ಲಲ್ಲವಲ್ಲ. ಬಿದ್ದು ಬಿದ್ದು ಚರಂಡಿ ಸೇರ್ತಾವೆ.”

ಚೀಟಿಯನ್ನು ನೋಡಲಿಲ್ಲವೇ ಎಂದು ನಾನು ಕೇಳಿದೆ. ಅಂಗಡಿಯವರು ಕಟ್ಟಿದ ಬೆಲೆಯ ಚೀಟಿ ಇರಬೇಕೆಂದುಕೊಂಡೆ ಎಂದರು. ಅದರಲ್ಲಿರುವುದನ್ನು ನಾನು ಓದಿ ಹೇಳಿದಾಗ, ಅವರು ತುಸು ಹೊತ್ತು ಗೊಂಬೆಗಳ ಕಡೆ ನೋಡಿ, “ಅದನ್ನ ಬರೀಬೇಕಾ?” ಎಂದರು. ಅದು ಪ್ರಶ್ನೆಯೋ ಟೀಕೆಯೋ ನನಗೆ ತಿಳಿಯಲಿಲ್ಲ.

ಎರಡು ವಾರ ನಾವು ಅಕ್ಷರದ ಗಾತ್ರ, ಒತ್ತಕ್ಷರ, ಅಂಟು, ದಾರ ಎಂದು ಬಡಿದಾಡಿದ್ದೆಲ್ಲ ಆ ಮಾತಿನ ಮುಂದೆ ಸಣ್ಣದಾಗಿ ಕಂಡಿತು. ನಾವು ಗೊಂಬೆಯನ್ನು ಚೀಟಿ ಹೊರುವ ಕೂಲಿಯಾಳಿನಂತೆ ಬಳಸಿದ್ದೆವು. ಅವರಾದರೋ ಮೊದಲ ನೋಟಕ್ಕೇ ಅದರ ಹಿಂದೆ ಒಂದು ಮಗುವನ್ನು ಕಂಡಿದ್ದರು. ದಾರಿಯಲ್ಲಿ ಬಿದ್ದ ನಾಣ್ಯವನ್ನು ಕಂಡವರು ಕಳೆದುಕೊಂಡವರ ಮುಖವನ್ನು ನೆನೆಯುವುದಿಲ್ಲ, ಆದರೆ ಬಿದ್ದ ಆಟಿಕೆಯನ್ನು ಕಂಡಾಗ ಅಳುತ್ತಿರಬಹುದಾದ ಮಗುವೊಂದು ಮನಸ್ಸಿಗೆ ತಾನಾಗಿ ಬರುತ್ತದೆ. 2022ರ ಮಾರ್ಚ್ 18ರಂದು ಉಕ್ರೇನಿನ ಲ್ವಿವ್ ನಗರದ ಚೌಕದಲ್ಲಿ, ಯುದ್ಧದಲ್ಲಿ ಅಲ್ಲಿಯವರೆಗೆ ಸತ್ತ ಮಕ್ಕಳ ಲೆಕ್ಕಕ್ಕೆ ಸರಿಯಾಗಿ ಕೂಸುಗಳನ್ನು ಮಲಗಿಸಿ ತಳ್ಳುವ 109 ಗಾಡಿಗಳನ್ನು ಖಾಲಿಯಾಗಿ ಸಾಲಾಗಿ ನಿಲ್ಲಿಸಿದ್ದರು. 2023ರ ಫೆಬ್ರವರಿಯಲ್ಲಿ, ಉಕ್ರೇನಿನಿಂದ ರಷ್ಯಾಕ್ಕೆ ಒಯ್ಯಲಾದ ಮಕ್ಕಳ ನೆನಪಿಗೆ ಬ್ರಸೆಲ್ಸ್ ನಗರದಲ್ಲಿ ಸಾವಿರಾರು ಕರಡಿಗೊಂಬೆಗಳನ್ನು ಹರಡಿದ್ದರು. ಈ ಎರಡರ ಚಿತ್ರಗಳನ್ನೂ ನಾನು ಮೊದಲೇ ನೋಡಿದ್ದೆ, ಅವುಗಳ ದೊಡ್ಡ ಸಂಖ್ಯೆಯೇ ಅವುಗಳ ಬಲವೆಂದು ತಿಳಿದಿದ್ದೆ. ಬಲವಿದ್ದದ್ದು ಗಾಡಿಯೊಳಗಿನ ಖಾಲಿಯಲ್ಲಿ. ಹಾಗಿದ್ದ ಮೇಲೆ ನಾನು ದೋಷವೆಂದು ತೆಗೆದಿಡಹೊರಟಿದ್ದ ಹಲ್ಲಿನ ಗುರುತುಗಳೇ ನಮ್ಮ ಗೊಂಬೆಗಳ ಅತ್ಯಂತ ಸ್ಪಷ್ಟವಾದ ಬರಹವಾಗಿದ್ದವು, ಅದಕ್ಕೆ ಯಾವ ಒತ್ತಕ್ಷರದ ತೊಡಕೂ ಇರಲಿಲ್ಲ.

ಇವು ನಮ್ಮವೇ, ಬೇಕೆಂದೇ ಇಟ್ಟದ್ದು ಎಂದು ಗೆಳತಿ ಅವರಿಗೆ ಬಿಡಿಸಿ ಹೇಳಿದಳು. ಅವರು ನಂಬಿದರೋ ಇಲ್ಲವೋ, ಹದಿಮೂರನ್ನು ಒಂದೊಂದಾಗಿ ಎಣಿಸಿ ನಮ್ಮ ಚೀಲಕ್ಕೆ ಹಾಕಿದರು. ತಲೆಯ ಮೇಲೆ ಹಲ್ಲಿನ ಗುರುತಿದ್ದ ಒಂದನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡು, “ಇದು ನಿಮ್ಮದಲ್ಲ, ಯಾವುದೋ ಮಗೂದೇ. ಹುಡುಕ್ಕೊಂಡು ಬಂದ್ರೆ ಸಿಗಬೇಕಲ್ಲ” ಎಂದು ಮತ್ತೆ ಗೋಡೆಯ ಮೇಲಿಟ್ಟರು.

ಸಂಜೆ ಉಳಿದ ಜಾಗಗಳಲ್ಲಿ ಹುಡುಕಿದಾಗ ನಮಗೆ ಸಿಕ್ಕವು ಹತ್ತೊಂಬತ್ತು. ಉಳಿದವು ಯಾರ ಜೇಬಿನಲ್ಲಿವೆಯೋ, ಯಾವ ಕಸದ ಬುಟ್ಟಿಯಲ್ಲಿವೆಯೋ ತಿಳಿಯುವ ಬಗೆಯಿಲ್ಲ. ಅಷ್ಟು ಪ್ಲಾಸ್ಟಿಕ್ಕನ್ನು ಬೀದಿಗೆ ಬಿಟ್ಟ ಅಳುಕು ನನ್ನಲ್ಲಿ ಇನ್ನೂ ಇದೆ. ಆ ರಾತ್ರಿಯೇ ಮೂವತ್ತೆರಡು ಕೊರಳುಗಳ ದಾರವನ್ನೂ ಕತ್ತರಿಸಿ, ಚೀಟಿಗಳನ್ನು ತೆಗೆದುಹಾಕಿದೆವು.

ಮುಂದಿನ ಭಾನುವಾರ ಅವುಗಳನ್ನು ತೆಗೆದುಕೊಂಡು ಉದ್ಯಾನಕ್ಕೆ ಹೋದಾಗ ಗೇಟಿನ ಪಕ್ಕದ ಗೋಡೆಯ ಮೇಲೆ ಆ ಒಂದು ಗೊಂಬೆ ಇನ್ನೂ ಇತ್ತು. ಅದರ ಚೀಟಿ ಮಳೆಗೆ ನೆನೆದು ಬಿಳಿಚಿಕೊಂಡಿತ್ತು. ಗಾಳಿಗೆ ಬೀಳದಿರಲೆಂದು ಯಾರೋ ಅದರ ಎರಡೂ ಬದಿಗೆ ಒಂದೊಂದು ಕಲ್ಲು ಒತ್ತು ಕೊಟ್ಟಿದ್ದರು.