ಬಾಗಿಲಿನ ಸದ್ದು

ಇವತ್ತಿನ ತಾಲೀಮಿನಲ್ಲಿ ಒಂದು ಗಂಟೆ ಹೋಗಿದ್ದು ಬರೀ ಒಂದು ಬಾಗಿಲಿನ ಸದ್ದಿಗೆ!

ನಾರ್ವೆಯ ನಾಟಕಕಾರ ಇಬ್ಸೆನ್‌ನ 'ಎ ಡಾಲ್ಸ್ ಹೌಸ್', 1879ರ ನಾಟಕ. ಕೊನೆಗೆ ನಾಯಕಿ ನೋರಾ ಗಂಡನ ಮನೆ ಬಿಟ್ಟು ಹೋಗ್ತಾಳೆ, ಬಾಗಿಲು ಧಡ್ ಅನ್ನುತ್ತೆ. ಎಲ್ಲರಿಗೂ ಗೊತ್ತು. ಆದರೆ ಎಷ್ಟೋ ತಂಡಗಳು ಬಡಿಯೋದು ರಂಗದ ಮೇಲಿನ ಬಾಗಿಲನ್ನೇ. ಪ್ಲೈವುಡ್ಡು, ಗೋಡೆಯೂ ಜೊತೆಗೇ ಅಲ್ಲಾಡುತ್ತೆ, ಜನ ನಗ್ತಾರೆ.

ಪಠ್ಯ ತೆಗೆದು ನೋಡಿ. ಸದ್ದು ಬರೋದು ಕೆಳಗಿನಿಂದ. ಅಂದರೆ ಅವಳು ಮೆಟ್ಟಿಲು ಇಳಿದಾಗಿದೆ. ಅಷ್ಟರೊಳಗೆ ಅವಳ ಗಂಡ ಹೆಲ್ಮರ್ ಕುರ್ಚಿಗೆ ಕುಸಿದು, ಮುಖ ಮುಚ್ಚಿಕೊಂಡು, ಎದ್ದು, ಖಾಲಿ ಕೋಣೆ ನೋಡಿ, ಒಂದು ಚೂರು ಆಸೆಯನ್ನೂ ಪಟ್ಟಿರುತ್ತಾನೆ. ಆ ಆಸೆಯ ಮೇಲೆ ಬೀಳಬೇಕು ಸದ್ದು.

ಸೈಡ್‌ವಿಂಗ್ (ರಂಗದ ಪಕ್ಕದ ಮರೆ) ಹಿಂದೆ, ಸೆಟ್ಟಿಗೆ ತಾಗದ ಹಾಗೆ, ಬೇರೆ ಚೌಕಟ್ಟಿನಲ್ಲಿ ದಪ್ಪ ಮರದ ಬಾಗಿಲು ನಿಲ್ಲಿಸಿ. ಸ್ಪೀಕರ್ ಬೇಡ, ದಿಕ್ಕೇ ತಪ್ಪುತ್ತೆ. ಸದ್ದಿಗೆ ಮುಂಚೆ ಬೆಳಕು ಆರಿಸಿದರಂತೂ ಮುಗೀತು, ಚಪ್ಪಾಳೆಯಲ್ಲಿ ಮುಳುಗಿಹೋಗುತ್ತೆ.

ಇನ್ನೊಂದು. ಎರಡನೇ ಅಂಕದಲ್ಲಿ, ನೋರಾಗೆ ಸಾಲ ಕೊಟ್ಟು ಈಗ ಬೆದರಿಸುತ್ತಿರೋ ಕ್ರೋಗ್‌ಸ್ಟಾಡ್ ಪತ್ರ ಹಾಕಿ ಮೆಟ್ಟಿಲಿಳಿದು ಹೋಗುವ ಹೆಜ್ಜೆ ಸದ್ದು ಇದೆಯಲ್ಲ, ಅದನ್ನು ಮಾತ್ರ ಕತ್ತರಿಸಬೇಡಿ. ಈ ಮನೆಗೊಂದು 'ಕೆಳಗೆ' ಇದೆ ಅಂತ ಕಿವಿಗೆ ಗೊತ್ತಾಗೋದೇ ಅಲ್ಲಿ.