ತೋಟದಪ್ಪನವರ ಛತ್ರದಲ್ಲಿ ಕೇಳಿದ ಪಾಠ

ನಮಗೆ ಇತಿಹಾಸ ಕಲಿಸಿದ ಮೇಷ್ಟ್ರು ತೀರಿಕೊಂಡರೆಂದು ತಿಳಿದಾಗ, ಅವರು ತರಗತಿಯಲ್ಲಿ ಬರೆಸಿದ ಒಂದು ಯುದ್ಧದ ಇಸವಿಯೂ ನನಗೆ ನೆನಪಾಗಲಿಲ್ಲ. ನೆನಪಾದವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರು. ಬೆಳಗಿನ ಆಟ ನೋಡಲು ತರಗತಿಗೆ ಚಕ್ಕರ್ ಹೊಡೆದು ಮೆಜೆಸ್ಟಿಕ್ಕಿಗೆ ಹೋಗಿದ್ದ ನಮ್ಮ ಗುಂಪು, ಊರಿನಿಂದ ಬರುವ ನೆಂಟರಿಗಾಗಿ ರೈಲು ನಿಲ್ದಾಣಕ್ಕೆ ಬಂದಿದ್ದ ಮೇಷ್ಟ್ರ ಕಣ್ಣಿಗೆ ನೇರವಾಗಿ ಬಿತ್ತು. ಅವರು ಬೈಯಲಿಲ್ಲ. ‘ರೈಲು ತಡವಂತೆ, ಬನ್ನಿ’ ಎಂದು ಹತ್ತಿರದ ಛತ್ರಕ್ಕೆ ಕರೆದೊಯ್ದು, ಗಂಟುಮೂಟೆ ಇಳಿಸಿ ಕುಳಿತಿದ್ದ ಪ್ರಯಾಣಿಕರ ನಡುವೆಯೇ ನಮ್ಮನ್ನು ನಿಲ್ಲಿಸಿಕೊಂಡು ಪಾಠ ಶುರು ಮಾಡಿದರು.

1838ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿ ಸ್ವಂತ ದುಡಿಮೆಯಿಂದ ಮೇಲೆ ಬಂದ ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ಅವರು 1897ರಲ್ಲಿ ಜಾಗ ಕೊಂಡು ಕಟ್ಟಿಸಿದ ಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಅವರ ಧರ್ಮದಿಂದಲೇ ನಡೆಯಿತು. ಗಳಿಸಿದ್ದನ್ನು ದತ್ತಿಗೆ ಬಿಟ್ಟು 1910ರಲ್ಲಿ ಅವರು ಕಣ್ಮುಚ್ಚಿದರು. ಬಿರುದುಗಳ ಮಾತನ್ನು ಮೇಷ್ಟ್ರು ಒಂದೇ ಉಸಿರಿನಲ್ಲಿ ಮುಗಿಸಿದರು. ‘ಜಾಗ ನೋಡಿ. ಹೆಸರಿಗಾಗಿ ಕಟ್ಟುವವರು ಪೇಟೆಯ ನಡುವೆ ಕಟ್ಟುತ್ತಾರೆ. ಇವರು ರೈಲಿಳಿದ ಬಡವ ದಾರಿ ಕೇಳಬೇಕಾಗದ ಕಡೆ ಕಟ್ಟಿದರು’ ಎಂದರು. ಸಿನಿಮಾ ತಪ್ಪಿತು. ಆದರೆ ಮರುದಿನ ಹಾಜರಿ ಪುಸ್ತಕದಲ್ಲಿ ನಾವೆಲ್ಲರೂ ಹಾಜರು! ‘ಪಾಠ ಕೇಳಿದ್ದೀರಲ್ಲ’ ಎಂಬುದು ಅವರ ಸಮಜಾಯಿಷಿ.

ಮಾದರಿ ಪ್ರಶ್ನೆಪತ್ರಿಕೆ ಬಿಡಿಸುವುದರಲ್ಲಿ ನಿಪುಣನಾದ ನನ್ನ ಮೊಮ್ಮಗನಿಗೆ ತೋಟದಪ್ಪನವರು ಮೆಜೆಸ್ಟಿಕ್ಕಿನ ಒಂದು ರಸ್ತೆಯ ಹೆಸರು, ಅಷ್ಟೆ. ಹುಡುಗನನ್ನು ದೂರಲಾರೆ, ಪರೀಕ್ಷೆಗೆ ಬಾರದ್ದನ್ನು ಹೇಳಲು ಈಗಿನ ಅಧ್ಯಾಪಕರಿಗೆ ಪುರುಸೊತ್ತನ್ನು ಯಾರು ಕೊಟ್ಟಿದ್ದಾರೆ?

ನಾನೂ ಹೊರಊರಿನಿಂದ ಬಂದು ಕಾಗದದ ವ್ಯಾಪಾರದಲ್ಲಿ ಇಲ್ಲಿಯೇ ನೆಲೆಗೊಂಡವನು. ಕೆಲವು ಮಕ್ಕಳ ಶುಲ್ಕ ಕಟ್ಟುತ್ತಿದ್ದೇನೆ. ಹೇಳಿಕೊಳ್ಳಬಾರದು, ಆದರೂ ಮೇಷ್ಟ್ರಿಗೆ ತಿಳಿದಿದ್ದರೆ ಸಂತೋಷಪಡುತ್ತಿದ್ದರೆಂಬ ಆಸೆಯಿಂದ ಬರೆದೆ. ಅವರ ಹೆಸರಿನಲ್ಲಿ ಚಿನ್ನದ ಪದಕ ಇಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಮಾತು ನಡೆದಿದೆ. ಪದಕದ ಬದಲು, ಪ್ರತಿ ವರ್ಷ ಮೊದಲ ತರಗತಿಯ ಮಕ್ಕಳನ್ನು ಊರಿನ ಇಂಥ ಜಾಗಗಳಿಗೆ ನಡೆಸಿಕೊಂಡು ಹೋಗುವ ಏರ್ಪಾಡಾಗಲಿ ಎಂಬುದು ನನ್ನ ಸೂಚನೆ. ಮೊದಲ ವರ್ಷದ ಖರ್ಚನ್ನು ನಾನೇ ವಹಿಸಿಕೊಳ್ಳುತ್ತೇನೆ.